ಫೈಲಿನ ಪೂರ್ತಿ ದಾರಿ

ಬೀಜ ಪರೀಕ್ಷೆಯ ಹಳೆಯ ಕಟ್ಟಡದಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಮಿಕ್ಕವರೆಲ್ಲ ಹೊಸ ಕಟ್ಟಡಕ್ಕೆ ಹೋಗಿದ್ದರು. ಮೊಳಕೆಯ ಪೆಟ್ಟಿಗೆಗಳನ್ನು ಅಲುಗಾಡಿಸಬಾರದೆಂದು ಅವಳನ್ನೂ ಅವುಗಳ ಜೊತೆಗೇ ಬಿಟ್ಟಿದ್ದರು. ತಟ್ಟೆಯ ನೂರು ಬೀಜಗಳಲ್ಲಿ ಎಷ್ಟು ಮೊಳೆತವೆಂದು ನೋಡಿ ಕಂಪ್ಯೂಟರಿಗೆ ಸೇರಿಸುವುದು ಅವಳ ಹನ್ನೊಂದು ವರ್ಷದ ಕೆಲಸ. ಮಾತಿಗೆ ಯಾರೂ ಇಲ್ಲದೆ ಈಚೆಗೆ ಬೀಜಗಳನ್ನೇ ಗದರಿಸುತ್ತಿದ್ದಳು.

ಹಿಂದಿನ ದಿನ ರಿಪೇರಿಯವನು ಬಂದು ಕಂಪ್ಯೂಟರ್ ಬದಲಿಸಿ, "ಎಲ್ಲಾ ಕಾಪಿ ಮಾಡಿದ್ದೀನಿ ಮೇಡಂ" ಎಂದು ಹೋಗಿದ್ದ. ಬೆಳಿಗ್ಗೆ ಅವಳು ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ಎಂದಿನಂತೆ ಡೇಟಾಬೇಸಿನ ಹೆಸರು ಕೊಟ್ಟಳು. ತೆರೆಯಿತು. ಒಳಗೆ ಒಂದು ಸಾಲೂ ಇರಲಿಲ್ಲ. ಮತ್ತೆ ತೆರೆದಳು. ಬಟಾಬಯಲು. ರಿಪೇರಿಯವನ ಫೋನು ಸ್ವಿಚ್ ಆಫ್.

ಆ ಡೇಟಾಬೇಸನ್ನು ಕಟ್ಟಿಕೊಟ್ಟವನು ಅವಳ ಗಂಡ. ನಾಲ್ಕು ವರ್ಷದಿಂದ ಗಂಡನಲ್ಲ. ನಂಬರನ್ನು ಮಾತ್ರ ಅಳಿಸಿರಲಿಲ್ಲ. ಹತ್ತು ನಿಮಿಷ ಮೀನಮೇಷ ಎಣಿಸಿ ಕರೆ ಮಾಡಿದಳು.

"ಎಲ್ಲಾ ಹೋಯ್ತು. ಬೀಜದ ಡೇಟಾಬೇಸ್ ಖಾಲಿ ಬರ್ತಿದೆ," ಎಂದಳು, ಹಲೋ ಕೂಡ ಹೇಳದೆ.

"ಎಲ್ಲಿದ್ದೀಯ ಈಗ?"

"ಕೆಲಸದಲ್ಲಿ. ಇನ್ನೆಲ್ಲಿರ್ತೀನಿ."

"ಅದಲ್ಲ. ಯಾವ ಫೋಲ್ಡರಲ್ಲಿ ನಿಂತು ಹೆಸರು ಕೊಟ್ಟೆ?"

ಅವಳಿಗೆ ಗೊತ್ತಿರಲಿಲ್ಲ. ಹೇಗೆ ನೋಡಬೇಕೆಂದು ಅವನೇ ಹೇಳಿಕೊಟ್ಟ. ಅದು ಬೀಜದ ಫೋಲ್ಡರ್ ಆಗಿರಲಿಲ್ಲ.

"ಬರೀ ಹೆಸರು ಕೊಟ್ರೆ ನೀನು ನಿಂತಿರೋ ಕಡೆ ಮಾತ್ರ ನೋಡುತ್ತೆ. ಸಿಗದಿದ್ರೆ ಇಲ್ಲ ಅನ್ನಲ್ಲ, ಅದೇ ಹೆಸರಲ್ಲಿ ಒಂದು ಖಾಲಿ ಫೈಲ್ ಮಾಡಿ ಕೊಡುತ್ತೆ. ಹಳೇ ಕಂಪ್ಯೂಟರಲ್ಲಿ ಕಿಟಕಿ ಸೀದಾ ಬೀಜದ ಫೋಲ್ಡರಲ್ಲೇ ತೆರೆಯೋ ಹಾಗೆ ಮಾಡಿಟ್ಟಿದ್ದೆ."

"ನನಗೆ ಹೇಳಿರ್ಲಿಲ್ಲ."

"ನೀನು ಕೇಳಿರ್ಲಿಲ್ಲ. ಈಗ ಡ್ರೈವಿಂದ ಶುರು ಮಾಡಿ ಫೋಲ್ಡರ್ ಹೆಸರೆಲ್ಲ ಸೇರಿಸಿ ಪೂರ್ತಿ ದಾರಿ ಕೊಡು."

ಅವನು ಹೇಳಿದಂತೆ ಒಂದೊಂದೇ ಅಕ್ಷರ ಒತ್ತಿದಳು. ನಲವತ್ಮೂರು ಸಾವಿರ ಸಾಲುಗಳೂ ಅಲ್ಲೇ ಇದ್ದವು. ಹೋದ ಜೀವ ಬಂದಂತಾಯಿತು.

"ಆ ಖಾಲಿ ಫೈಲನ್ನ ಅಳಿಸ್ಬಿಡು. ಇಲ್ದಿದ್ರೆ ನಾಳೆ ಮತ್ತೆ ಗಾಬರಿ ಬೀಳ್ತೀಯ."

ಅಳಿಸಿದಳು. ಕೆಲಸ ಮುಗಿದಿತ್ತು. ಇಬ್ಬರೂ ಫೋನ್ ಇಡಲಿಲ್ಲ.

"ಅತ್ತೆ ಹೇಗಿದ್ದಾರೆ?" ಎಂದು ಅವನು ಕೇಳಿದ. ಪ್ರತಿ ಜಗಳದಲ್ಲೂ ಮಗಳನ್ನು ಬಿಟ್ಟು ಅಳಿಯನ ಪರ ನಿಲ್ಲುತ್ತಿದ್ದವಳು ಆಕೆ.

"ಅಮ್ಮ ಹೋದ್ಳು. ಹೋದ ಚಳಿಗಾಲ."



"ನನಗೊಂದು ಮಾತು ಹೇಳ್ಬಹುದಿತ್ತು."

"ಹೇಳ್ಬಹುದಿತ್ತು. ಮಣ್ಣಿಗೆ ನಾಲ್ಕು ಜನ ಬಂದಿದ್ರು ಅಷ್ಟೆ." ಅವಳೇ ಸೇರಿಸಿದಳು, "ನಿನ್ನನ್ನ ಕೇಳ್ತಾ ಇದ್ಳು."

"ಮತ್ತೆ ಏನಾದ್ರೂ ತೊಂದರೆ ಆದ್ರೆ ಫೋನ್ ಮಾಡು."

"ಇನ್ನು ಆಗಲ್ಲ. ಪೂರ್ತಿ ದಾರಿ ಬರ್ಕೊಂಡಿದ್ದೀನಿ."

"ಒಳ್ಳೇದು," ಎಂದು ಅವನು ಇಟ್ಟುಬಿಟ್ಟ.

'ಇನ್ನು ಆಗಲ್ಲ' ಎನ್ನಬಾರದಿತ್ತೆಂದು ಅವಳಿಗೆ ಹೊಳೆದದ್ದು ಆಮೇಲೆ, ಮೊದಲ ತಟ್ಟೆ ಎಣಿಸುತ್ತಿರುವಾಗ. ಎಣಿಕೆ ತಪ್ಪಿತು. ಒಂದರಿಂದ ಮತ್ತೆ ಶುರು ಮಾಡಿದಳು. ಎಪ್ಪತ್ತಾರು ಮೊಳೆತಿದ್ದವು.