ಗುಮಾಸ್ತನ ಎಡಗಡೆ

ಒಂದು ಪಟ್ಟಣ. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ನನ್ನ ಮನೆಗೇ ಜಗಳಕ್ಕೆ ಬಂದಾರು. ಆ ಪಟ್ಟಣದ ಕಚೇರಿ ಪ್ರತಿಯೊಬ್ಬರ ಪಟವನ್ನೂ ಬರೆಸಿ ಇಟ್ಟುಕೊಂಡಿತ್ತು. ವರ್ಷಕ್ಕೊಮ್ಮೆ ಮುಖ ತಾಳೆ ನೋಡುವ ದಿನ. ನಿಮ್ಮ ಹೆಸರಿನ ಪಟಕ್ಕೆ ಯಾರ ಮುಖ ಹೊಂದುತ್ತದೋ, ನಿಮ್ಮ ಕೆಲಸ ಅವರದು.

ಪಟಗಳೋ ಬಾಗಿಲಿನಷ್ಟು ದೊಡ್ಡವು, ದಫ್ತರದಲ್ಲಿ ಹಿಡಿಸುತ್ತವೆಯೇ? ಅದಕ್ಕೇ ಗುಮಾಸ್ತ ನರಹರಿಯಪ್ಪ ಅವನ್ನೆಲ್ಲ ಕಚೇರಿಯ ಎರಡು ಗೋಡೆಗಳಿಗೆ ತೂಗುಹಾಕಿ, ದಫ್ತರದಲ್ಲಿ ಅವು ಇರುವ ಜಾಗವನ್ನಷ್ಟೇ ಬರೆದಿದ್ದ. ಜಾಣ ಕೆಲಸವೇ, ಒಪ್ಪುತ್ತೇನೆ. ಆದರೆ ಆ ಪುಣ್ಯಾತ್ಮ ಬರೆದದ್ದು ಹೇಗೆ ಗೊತ್ತೇ? 'ಹೂವಿನಂಗಡಿ ಸಾಕಮ್ಮ: ನನ್ನ ಎಡಗಡೆ, ನಟ್ಟನಡುವೆ. ದಿವಾನರು: ನನ್ನ ಬಲಗಡೆ, ನಟ್ಟನಡುವೆ.'

ಆ ಬೇಸಗೆಯಲ್ಲಿ ಸೆಕೆ ತಾಳಲಾರದೆ ನರಹರಿಯಪ್ಪ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಕಿಟಕಿಗೆ ಮುಖಮಾಡಿ ಕೂತ. ದಫ್ತರವನ್ನು ಮಾತ್ರ ಮುಟ್ಟಲಿಲ್ಲ.

ತಾಳೆ ನೋಡುವ ದಿನ ಸಾಕಮ್ಮ ಬಂದಳು. ಅವಳಿಗೆ ಆ ಅಂಗಡಿ ಬಿಟ್ಟರೆ ಬೇರೆ ಗತಿಯಿರಲಿಲ್ಲ. ನರಹರಿಯಪ್ಪ ದಫ್ತರ ಓದಿ ತನ್ನ ಎಡಗಡೆ ನೋಡಿದ.

"ಮೀಸೆ ಎಲ್ಲಿ ಹೋಯ್ತಮ್ಮ?"

"ನನಗೆಲ್ಲಿಯ ಮೀಸೆ ಸ್ವಾಮಿ! ಅದು ದಿವಾನರ ಪಟ. ನನ್ನದು ಅಗೋ, ನಿಮ್ಮ ಬಲಗಡೆ ಇದೆ."

"ಬರೆದವನು ನಾನು. ನನ್ನ ಎಡ ಯಾವುದು ಅಂತ ನೀನು ಹೇಳಿಕೊಡ್ತೀಯಾ?"

"ನಿಮ್ಮ ಕಾಲಿಗೆ ಬೀಳ್ತೀನಿ. ಕುರ್ಚೀನ ಮೊದಲಿನ ಹಾಗೆ ತಿರುಗಿಸಿ ನೋಡಿ. ಅಂಗಡಿ ಹೋದರೆ ನಾನು ಏನು ತಿನ್ನಲಿ?"

"ಆ ಕಡೆ ಗಾಳಿ ಬರಲ್ಲ," ಎಂದ ನರಹರಿಯಪ್ಪ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸಾಲಿನಲ್ಲಿ ಅವಳ ಹಿಂದೆಯೇ ದಿವಾನರು ನಿಂತಿದ್ದರು. ಸಾಕಮ್ಮನ ಹೆಸರಿನ ಪಟಕ್ಕೆ ಅವರ ಮುಖ ಮೀಸೆಯ ಕೊನೆಯ ಕೂದಲವರೆಗೂ ಹೊಂದಿತು! ಕೂಗಾಡಿದರು, ಕಡೆಗೆ ಅತ್ತರು. ಯಾರು ಕೇಳುತ್ತಾರೆ? ಈ ನಿಯಮ ಮಾಡಿದವರೂ ಅವರೇ. ಸೇವಕರು ಅವರ ಕೈಗೆ ಹೂವಿನ ಬುಟ್ಟಿ ಕೊಟ್ಟರು. ಆಮೇಲೆ ದಿವಾನರ ಹೆಸರಿನ ಪಟ ನೋಡಿದರೆ, ಮೂಗುತಿ ಇಟ್ಟುಕೊಂಡ ಸಾಕಮ್ಮ! ಅವಳನ್ನು ಪಲ್ಲಕ್ಕಿಯಲ್ಲಿ ಕೂರಿಸಿಕೊಂಡು ಹೋದರು.

ಮೊದಲ ದಿನ ಸಾಕಮ್ಮ ಹೆದರಿ ನೆಲದ ಮೇಲೇ ಕೂತಳು. ಎರಡನೆಯ ದಿನ ಗಾದಿಯ ಅಂಚಿನಲ್ಲಿ ಕೂತಳು. ಮೂರನೆಯ ದಿನ ದಿಂಬಿಗೆ ಒರಗಿ, ತುಪ್ಪ ಸುರಿದ ಹೋಳಿಗೆ ತಿನ್ನುತ್ತಿದ್ದಾಗ ಹಳೆಯ ದಿವಾನರು ಬಂದರು. ದಾರ ಎಳೆದೆಳೆದು ಬೆರಳು ಕೊಯ್ದುಕೊಂಡಿದ್ದರು. ಮೀಸೆಯಲ್ಲಿ ಎರಡು ಕನಕಾಂಬರ ಸಿಕ್ಕಿಕೊಂಡಿದ್ದವು.

"ತಾಯೀ, ಈಗ ಅಧಿಕಾರ ನಿಮ್ಮದು. ಆ ಕುರ್ಚಿ ತಿರುಗಿಸೋಕೆ ಒಂದೇ ಒಂದು ಮಾತು ಹೇಳಿ. ನಿಮ್ಮ ಅಂಗಡಿ ನಿಮಗೆ, ನನ್ನ ಗಾದಿ ನನಗೆ."

ಸಾಕಮ್ಮ ಹೋಳಿಗೆ ಕೆಳಗಿಟ್ಟಳು. ಅವರಿಗೆ ಬೆಲ್ಲ, ನೀರು ಕೊಡಿಸಿದಳು. "ನಿಮ್ಮ ಕಷ್ಟ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು, ಬುದ್ಧೀ? ಇವತ್ತೇ ಆ ಕುರ್ಚಿಗೆ ಒಂದು ವ್ಯವಸ್ಥೆ ಮಾಡಿಸ್ತೀನಿ," ಎಂದಳು.

ಆಡಿದ ಮಾತಿಗೆ ತಪ್ಪಲಿಲ್ಲ. ಆ ಮಧ್ಯಾಹ್ನವೇ ಗಾರೆ ಕೆಲಸದವನನ್ನು ಕರೆದುಕೊಂಡು ಕಚೇರಿಗೆ ಹೋಗಿ, ಕುರ್ಚಿಯ ನಾಲ್ಕು ಕಾಲನ್ನೂ ಇದ್ದಲ್ಲೇ ನೆಲಕ್ಕೆ ಸೇರಿಸಿ ಗಾರೆ ಹಾಕಿಸಿದಳು. ಅದು ಒಣಗುವವರೆಗೂ ಪಕ್ಕದಲ್ಲೇ ನಿಂತು ಕಾದಳು.