ಗಾಲಿ ಇರುವ ನೀಲಿ ಬ್ಯಾಗು

“ಏ ಬಾಯಿ, ನಿನ್ನ ಗಾಲಿ ನನ್ನ ಬೆರಳ ಮ್ಯಾಲ ಅದ. ಬ್ಯಾಗ ತಂದೀಯೋ, ಬಂಡಿ ಹೂಡಿಕೊಂಡು ಬಂದೀಯೋ?”

ಬಿಳಿ ಟೋಪಿಯ ಮುದುಕ ಬೈಯುತ್ತಲೇ ಕಾಲು ಎಳೆದುಕೊಂಡ. ಎಳೆದ ಕಾಲಿಗೆ ಬೇರೆ ಜಾಗವಿಲ್ಲದೆ ಮತ್ತೆ ಅಲ್ಲಿಯೇ ಇಟ್ಟ. ಔರಾದದಿಂದ ಬೀದರಕ್ಕೆ ಹೊರಟ ಬೆಳಗಿನ ಮೊದಲ ಬಸ್ಸು. ಬಾಗಿಲ ಮೆಟ್ಟಿಲಿನವರೆಗೂ ಮಂದಿ. ಶಾಲುಬಾಯಿ ನೀಲಿ ಬ್ಯಾಗನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ಕಂಬಿ ಹಿಡಿದಳು.

“ತಪ್ಪಾತ್ರಿ ಅಜ್ಜಾ.”

ಬ್ಯಾಗು ಮಗಳು ಪ್ರಣಾಲಿಯದು. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಎಂ.ಎ. ಮುಗಿಸಿ, ಅದನ್ನು ಎಳೆದುಕೊಂಡು ಬಂದು ಮನೆಯಲ್ಲಿ ಕುಳಿತಿದ್ದಾಳೆ. ಮೊದಲು ಶಾಲುಬಾಯಿ ತನ್ನ ಕೆಲಸದ ಸಾಮಾನನ್ನು ಸಿಮೆಂಟಿನ ಖಾಲಿ ಚೀಲದಲ್ಲಿ ಹೊರುತ್ತಿದ್ದಳು. ಚೀಲ ಕಂಡರೆ ಕೆಲವು ಡ್ರೈವರುಗಳು ಬಸ್ಸನ್ನೇ ನಿಲ್ಲಿಸುತ್ತಿರಲಿಲ್ಲ. “ಇದನ್ನ ಎಳಕೊಂಡು ಹೋಗವ್ವ. ಒಳಗೇನದ ಅಂತ ಯಾರೂ ಕೇಳಂಗಿಲ್ಲ” ಎಂದು ಪ್ರಣಾಲಿ ಹಿಡಿಕೆ ಎತ್ತಿ ತೋರಿಸಿದ್ದಳು. ಯಾರೂ ಕೇಳಲಿಲ್ಲ.

ಬೀದರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ದುಡ್ಡು ಕೊಟ್ಟು ಹೋಗುವ ಹೆಂಗಸರ ಪಾಯಖಾನೆ ತೊಳೆಯುವುದು ಅವಳ ಕೆಲಸ. ಸಾಮಾನಿಡಲು ಅಲ್ಲಿ ಕೋಣೆಯೇನೋ ಇದೆ; ಅದರಲ್ಲಿ ಗುತ್ತೇದಾರನ ನೀರಿನ ಬಾಟಲಿಗಳಿವೆ. ಕುಂಚ, ಫಿನಾಯಿಲು, ಒರೆಸುವ ಅರಿವೆ ದಿನವೂ ಔರಾದಕ್ಕೆ ಹೋಗಿ ಬರುತ್ತವೆ. ಬಾಗಿಲಿನ ಚಾವಿಯೂ ಅವುಗಳ ಜೊತೆಗೇ. ಇನ್ನೊಮ್ಮೆ ತಡವಾದರೆ ಬರಬೇಡವೆಂದು ಗುತ್ತೇದಾರ ಹೇಳಿದ್ದ. ಹೊತ್ತಿಗೆ ಮುಟ್ಟಿಸುವುದು ಈ ಬಸ್ಸೊಂದೇ.

ಪಕ್ಕದ ಸೀಟಿನಲ್ಲಿ ಪಾಟಲಿ ಬಳೆ ತೊಟ್ಟ ಹೆಂಗಸೊಬ್ಬಳು ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

“ಅಕ್ಕೋರ, ನಿಮ್ಮ ಬ್ಯಾಗಿನ ಮ್ಯಾಲ ಕೂಸಿಗಿ ಜರಾ ಕೂಡಿಸ್ಲೇನ್ರಿ? ತೊಡಿ ಜೋಮು ಹಿಡದಾವ. ನಮ್ಮ ಕೆಂಪು ಬ್ಯಾಗ ಮುಂದ ಡ್ರೈವರನ ಬಾಜೂಕ ಸಿಕ್ಕೊಂಡದ.”

ಶಾಲುಬಾಯಿ ಬಾಯಿ ತೆರೆಯುವುದರೊಳಗೆ ಕೂಸು ಬ್ಯಾಗಿನ ಮೇಲಿತ್ತು. ಅದರ ಪಕ್ಕ ಊಟದ ಡಬ್ಬಿಯೂ ಬಂತು.

“ಭಾಲ್ಕಿಗಿ ಕುಬಸದ ಕಾರ್ಯಕ್ಕ ಹೊಂಟೀವ್ರಿ. ಬೀದರದಾಗ ಬಸ್ಸು ಬದಲಿ ಮಾಡಬೇಕು. ನೀವು?”

“ಬೀದರಕ್ಕೇರಿ. ಡ್ಯೂಟಿ.”

“ಸಾಲ್ಯಾಗ ಟೀಚರೇನ್ರಿ?”

“ಸ್ಟ್ಯಾಂಡಿನ ಹಿಂದ.”

“ಬೇಸ್ ನೋಡ್ರಿ. ನಮ್ಮ ಸೊಸೀನೂ ಓದ್ಯಾಳ, ಮನ್ಯಾಗ ಕುಂತು ಮೊಬೈಲ್ ತಿಕ್ಕತಾಳ. ಯಾ ಮನತನ ನಿಮ್ದು?”

ಬಸ್ಸಿನ ಸದ್ದಿನಲ್ಲಿ ಕೇಳಿಸದವಳಂತೆ ಶಾಲುಬಾಯಿ ಹೊರಗೆ ನೋಡಿದಳು. ಹೆಂಗಸು ಡಬ್ಬಿಯಿಂದ ಧಪಾಟಿ ರೊಟ್ಟಿ ತೆಗೆದು, ಮುರಿದು ಅರ್ಧ ಕೂಸಿಗೆ, ಅರ್ಧ ಅವಳಿಗೆ ಕೊಟ್ಟಳು. ಬೆಳಿಗ್ಗೆ ಚಹಾ ಕೂಡ ಕುಡಿದಿರಲಿಲ್ಲ. ತಿಂದಳು.

ಸಂತಪುರದ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕು ತುಳಿದ. ಮಂದಿ ಮಂದಿಯ ಮೇಲೆ ವಾಲಿದರು. ಮೊಣಕಾಲು ಸಡಿಲಿದ್ದೇ ತಡ ಬ್ಯಾಗು ಕೂಸನ್ನು ಹೊತ್ತುಕೊಂಡು, ಕಾಲುಗಳ ಸಂದಿನಲ್ಲಿ ಉರುಳಿ, ಇಂಜಿನ್ನಿನ ಡಬ್ಬಕ್ಕೆ ಬಡಿಯಿತು. ಕೂಸಿಗೆ ಏನೂ ಆಗಲಿಲ್ಲ, ನಗುತ್ತಿತ್ತು. ಜಿಪ್ಪು ಕಿತ್ತುಬಂದಿತ್ತು. ಮೊದಲು ರಬ್ಬರಿನ ಕೈಗವಸುಗಳು, ಆಮೇಲೆ ಕುಂಚ ಹೊರಗೆ ಬಂದವು.

“ಪಾಯಖಾನಿ ತಿಕ್ಕೋ ಕುಂಚ ಅಲ್ಲ ಇದು?” ಎಂದ ಮುದುಕ.

ಹೆಂಗಸು ನುಗ್ಗಿ ಹೋಗಿ ಕೂಸನ್ನು ಎತ್ತಿಕೊಂಡಳು. ಅವಳ ಹಿಂದೆಯೇ ಶಾಲುಬಾಯಿಯೂ ಬ್ಯಾಗಿನ ಹತ್ತಿರ ಬಂದಳು.

“ನಿನ್ನ ಬಾಯಾಗ ಮಣ್ಣ ಹಾಕ. ನನ್ನ ಕೂಸಿಗಿ ಹೇಲಿನ ಸಾಮಾನಿನ ಮ್ಯಾಲ ಕೂಡಿಸ್ಕೊಂಡಿ? ನನ್ನ ಕೈಯಾಂದು ತಿಂದಿ? ಯಾ ಜಾತ್ಯಾಕಿ ನೀ, ರಂಡಿ?”

“ಕೂಡಿಸಿದಾಕಿ ನೀವೇರಿ.”

“ಎದರು ಮಾತಾಡ್ತಾಳ ನೋಡ್ರಿ ಮ್ಯಾಲ.”

ಊಟದ ಡಬ್ಬಿ ಕಿಟಕಿಯಿಂದ ಹೊರಗೆ ಹೋಯಿತು.

“ಈಗ ಇವರೆಲ್ಲಾ ಗಾಲಿ ಮ್ಯಾಲ ಬರ್ಲತ್ತಾರ,” ಮುದುಕ ಗಾಲಿ ತಾಗಿದ ಕಾಲ್ಬೆರಳು ಒರೆಸಿಕೊಳ್ಳುತ್ತ ಹೇಳಿದ. “ಹ್ಯಾಂಗ ಗೊತ್ತಾಗಬೇಕು?”

ಕಂಡಕ್ಟರ್ ಸೀಟಿ ಊದಿದ. “ಏ, ಇಳಿ ಇಲ್ಲೇ.”

“ಟಿಕೀಟ್ ಅದರಿ ನನ್ನ ಹತ್ರ.”

“ಪುಕ್ಕಟ ಟಿಕೀಟಿಗಿ ಎಷ್ಟ ಸೊಕ್ಕ ನಿಂದು.”

“ಅವ್ರದೂ ಪುಕ್ಕಟನೇರಿ.”

ಯಾರೋ ಕಿಸಕ್ಕನೆ ನಕ್ಕರು. ಕಂಡಕ್ಟರನ ಮುಖ ಕೆಂಪಾಯಿತು. ಆದರೆ ಶಾಲುಬಾಯಿ ಬಾಗಿಲಿಗೆ ಹೋಗಬೇಕೆಂದರೆ ಮಂದಿಯ ನಡುವೆ ನುಸುಳಬೇಕು, ನುಸುಳಿದರೆ ತಾಗಬೇಕು. ಅವಳು ಒಂದು ಹೆಜ್ಜೆ ಇಟ್ಟರೆ “ಮ್ಯಾಲ ಬರಬ್ಯಾಡ, ಅಲ್ಲೇ ನಿಂದ್ರ” ಎಂದು ಕೂಗಿದರು. ಇಳಿಯಬೇಕು, ಅಲುಗಬಾರದು. ಉಸಿರಿಗೆ ಜಾಗವಿಲ್ಲದ ಬಸ್ಸಿನಲ್ಲಿ ಅವಳ ಸುತ್ತ ಒಂದು ಮೊಳ ಜಾಗ ಎಲ್ಲಿಂದಲೋ ಬಂತು. ಅದರೊಳಗೆ ಕೂತು ಸಾಮಾನು ತುಂಬಿದಳು. ಜಿಪ್ಪು ಕೂಡಲಿಲ್ಲ. ಬೀದರ ಬರುವವರೆಗೆ ಬ್ಯಾಗನ್ನು ತೋಳಿನಿಂದ ಅವಚಿ ನಿಂತಳು.

ಇಳಿಯುವಾಗ ಕಂಡಕ್ಟರ್ ಮೆಲ್ಲಗೆ ಹೇಳಿದ: “ನಾಳಿಂದ ಈ ಬಸ್ಸಿನ್ಯಾಗ ಕಾಲಿಟ್ಟಿ ಅಂದ್ರ ನೋಡ.”

ಪಾಯಖಾನೆಯ ಮುಂದೆ ಆಗಲೇ ಸಾಲು ಹತ್ತಿತ್ತು. ಹೆಂಗಸರು, ಅವರ ಪಕ್ಕ ಹಿಡಿಕೆ ಎತ್ತಿ ನಿಲ್ಲಿಸಿದ ಬ್ಯಾಗುಗಳು. ಪಾಟಲಿಯ ಹೆಂಗಸು ಮುಂದೆಯೇ ಇದ್ದಳು. ಕೂಸು ಕೆಂಪು ಬ್ಯಾಗಿನ ಮೇಲೆ ಕಾಲಿಗೆ ಕಾಲು ಹೆಣೆದು ಕೂತಿತ್ತು. ಶಾಲುಬಾಯಿಯನ್ನು ಕಂಡು ನಕ್ಕಿತು.

“ಆಯಿಯೇ ಶಾಲುಬಾಯಿ,” ದುಡ್ಡು ವಸೂಲಿ ಮಾಡುವ ಬಾಬುಮಿಯಾ ಮೇಜಿನ ಹಿಂದಿನಿಂದ ಕರೆದ. “ಜಲ್ದಿ ಚಾವಿ ತಗಿ. ಇವರೆಲ್ಲ ನನ್ನ ಮ್ಯಾಲ ಬರ್ಲತ್ತಾರ.”

ಶಾಲುಬಾಯಿ ನೀಲಿ ಬ್ಯಾಗನ್ನು ಬಾಗಿಲಿನ ಮುಂದೆ ತಂದು ನಿಲ್ಲಿಸಿದಳು. ಪಾಟಲಿಯ ಹೆಂಗಸು ಅವಳ ಮುಖ ನೋಡಿ ಬೇರೆ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಿದಳು.

“ತಗೀ ಜಲ್ದಿ. ಕೂಸಿಗಿ ತಡಿಲಿಕ್ಕಾಗವಲ್ದು.”

“ಚಾವಿ ಬ್ಯಾಗಿನ್ಯಾಗ ಅದರಿ,” ಎಂದಳು ಶಾಲುಬಾಯಿ. “ತಗೋರಿ.”

ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟಳು. ಬಾಯಿ ಬಿಟ್ಟ ಬ್ಯಾಗಿನಲ್ಲಿ, ಕುಂಚದ ಕೂದಲಿನ ಕೆಳಗೆ ಚಾವಿ ಕಾಣುತ್ತಿತ್ತು.

“ನೀ ತಗಿಯಂದ್ರ.”

ಶಾಲುಬಾಯಿ ಕೈ ಕಟ್ಟಿಕೊಂಡಳು.

“ಅರೆ, ಮಜಾಕ ಮಾಡಬ್ಯಾಡ. ಗುತ್ತೇದಾರ ಸೇಠನಿಗಿ ಗೊತ್ತಾದ್ರ ಇಬ್ಬರದೂ ಛುಟ್ಟಿ.” ಬಾಬುಮಿಯಾ ಎದ್ದು ಬಂದು ಕೈ ಚಾಚಿದ. ಶಾಲುಬಾಯಿ ಅವನ ಮುಖ ನೋಡಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಹೋಗಿ ಚಿಲ್ಲರೆ ಡಬ್ಬಿಯ ಮುಂದೆ ಕೂತ.

ಸಾಲು ಉದ್ದವಾಯಿತು. ಹಿಂದಿನವರು ಮುಂದಿನವರನ್ನು ಬೈದರು, ಮುಂದಿನವರು ಬ್ಯಾಗನ್ನು ನೋಡಿದರು. ಅದರೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಗುತ್ತೇದಾರನದೇ ಇರಬೇಕು. ಹೊಡೆದು ಹೊಡೆದು ನಿಂತಿತು.

ಪಾಟಲಿಯ ಹೆಂಗಸು ಬಗ್ಗಿದಳು. ಬಳೆಯ ಕೈ ಕುಂಚದ ಹತ್ತಿರ ಹೋಗಿ, ಅಲ್ಲಿಯೇ ನಿಂತು, ಸೆರಗಿನೊಳಗೆ ಮರಳಿತು.

ಕೂಸಿನ ನಗು ನಿಂತಿತ್ತು. ಕೆಂಪು ಬ್ಯಾಗಿನ ಪಕ್ಕೆಯಿಂದ ನೀರು ಇಳಿದು, ಗಾಲಿ ತೋಯಿಸಿ, ಬಂಡೆಯ ಮೇಲೆ ಗೆರೆಯಾಗಿ ಹರಿದು ನೀಲಿ ಬ್ಯಾಗಿನ ಬುಡಕ್ಕೆ ಬಂತು. ಎಲ್ಲರೂ ಶಾಲುಬಾಯಿಯ ಕಡೆ ನೋಡಿದರು.

ಒರೆಸುವ ಅರಿವೆಯೂ ಬ್ಯಾಗಿನೊಳಗೇ ಇತ್ತು.