ಸೀನಿಗೆ ಎದ್ದ ಸಭೆ

ಹೋಲ್ಟ್ಸೆನ್‌ಬಾಖ್ ಸಂಸ್ಥಾನ ಎಷ್ಟು ದೊಡ್ಡದೆಂದರೆ, ಪೂರ್ವದ ಗಡಿಯಲ್ಲಿ ಒಬ್ಬ ಸೀನಿದರೆ ಪಶ್ಚಿಮದ ಗಡಿಯವನು 'ನೂರ್ಕಾಲ ಬಾಳಪ್ಪ' ಅನ್ನುವಷ್ಟು. ದೊರೆ ಎಮ್ಮೆರಿಖ್ ಸೀನಿದರಂತೂ ಪಕ್ಕದ ಸಂಸ್ಥಾನದ ಬಾತುಗಳೂ ಕೊಳ ಬಿಟ್ಟು ಏಳುತ್ತಿದ್ದವು. ನಸ್ಯದ ಮನುಷ್ಯ. ಅವರು ಸೀನಿದೊಡನೆ ಕೂತವರೆಲ್ಲ ಎದ್ದು 'ನೂರ್ಕಾಲ ಬಾಳಿ, ಪ್ರಭು' ಎನ್ನಬೇಕು. ಇಪ್ಪತ್ತು ವರ್ಷ ನಡೆದ ಪದ್ಧತಿ. ದೊರೆ ಬಾಳಿದ್ದು ಮಾತ್ರ ನಲವತ್ತೆರಡೇ ವರ್ಷ. ಪುಕ್ಕಟೆ ಹಾರೈಕೆಯ ಹಣೆಬರಹವೇ ಅಷ್ಟು.

ಈಗ ದೊರೆಸಾನಿ ಅಡೆಲ್‌ಗುಂಡೆಗೆ ಮೂವತ್ತೊಂದು, ಮಗ ಯೋಸ್ಟ್‌ಗೆ ಐದು. ಅವನು ದೊಡ್ಡವನಾಗುವ ತನಕ ಆಳುವವರು ಯಾರು? ಮೈದುನ ಲೋಥಾರ್ ಆಗಲೇ ಕಾಗದ ಬರೆದಿದ್ದ: ಆಡಳಿತ ನನಗೆ, ಹುಡುಗ ನನ್ನ ದಂಡಿನ ಠಾಣೆಗೆ, ಅತ್ತಿಗೆ ಕನ್ಯಾಮಠಕ್ಕೆ.

"ನಾಳೆ ಸಭೆ ನನ್ನನ್ನ ಒಪ್ಪದೆ ಹೋದ್ರೆ, ಸಂಜೆಗೆ ಬಂದು ಮಗೂನ ಕರ್ಕೊಂಡು ಹೋಗ್ತಾನೆ," ಎಂದಳು ಅಡೆಲ್‌ಗುಂಡೆ, ಜಡೆ ಹೆಣೆಯುತ್ತಿದ್ದ ಮುದಿ ದಾದಿ ವಾಲ್‌ಪುರ್ಗಾಗೆ.

"ಸಭೇಲಿರೋ ಆ ಐದು ಜನ ಮಂತ್ರಿಗಳು ಏಳೋದಿಲ್ಲ ಬಿಡವ್ವ. ಬೇಕು ಅನ್ನೋರು ಏಳ್ಬೇಕು, ಬೇಡ ಅನ್ನೋರು ಕೂತಿರ್ಬೇಕು ಅಂತ ಕಾನೂನು ಮಾಡಿದ ಪುಣ್ಯಾತ್ಮ ಅವರ ಹೊಟ್ಟೆ ನೋಡಿರ್ಲಿಲ್ಲ. ಅವು ಮೇಲೇಳ್ತಿದ್ದದ್ದು ಯಜಮಾನ್ರು ಸೀನಿದಾಗ ಒಂದೇ."

ಅಡೆಲ್‌ಗುಂಡೆ ಕನ್ನಡಿಯಲ್ಲಿ ತನ್ನ ಮೂಗನ್ನೇ ನೋಡಿದಳು. ಅತ್ತೆ ಸೂಪನ್ನು ಸೊರ್ರೆನ್ನಿಸುವುದು, ಪಾದ್ರಿ ತನ್ನ ಪ್ರವಚನಕ್ಕೆ ತಾನೇ ತೂಕಡಿಸುವುದು, ಎಲ್ಲವನ್ನೂ ನಟಿಸಿ ಗಂಡನನ್ನು ನಗಿಸಿದವಳು ಅವಳು. ಗಂಡನ ಸೀನನ್ನು ಮಾತ್ರ ಅವನ ಬೆನ್ನ ಹಿಂದೆ.

"ದಾದಿ, ಅವರ ನಸ್ಯದ ಡಬ್ಬಿ ಎಲ್ಲಿದೆ?"

ಹೆಸರಿನಲ್ಲಿ ಗುಂಡೆ ಇದ್ದಮೇಲೆ ಗುಂಡಿಗೆ ಇರದೆ ಹೋದೀತೆ.

ಮರುದಿನ ಸಭೆಯಲ್ಲಿ ಪ್ರಧಾನಿ ಫೊನ್ ಕ್ವಾಸ್ಟ್ ಕೂತಲ್ಲೇ ಗಂಟಲು ಸರಿಮಾಡಿಕೊಂಡ. "ದೊರೆಸಾನಿಯವರೆ, ಹೆಂಗಸರು ಆಳಿದ್ದೇ ಇಲ್ಲ ಅಂತ ನಾನು ಹೇಳಲ್ಲ. ಆಳಿದ್ದಾರೆ. ಅಡುಗೆಮನೇಲಿ."

ಉಳಿದ ನಾಲ್ವರ ಹೊಟ್ಟೆಗಳು ಕುಲುಕಿದವು.

"ಅಲ್ಲಿ ಒಂದು ದಿನ ಉಪ್ಪು ಮರೆತ್ರೆ ನಿಮ್ಮ ಮುಖ ನೋಡೋಕಾಗಲ್ಲ, ಪ್ರಧಾನರೆ. ಅದಿರ್ಲಿ, ಪ್ರಶ್ನೆ ಕೇಳಿ."

"ದೊರೆಸಾನಿ ಆಳಲಿ ಎನ್ನುವವರು ಏಳಿ," ಎಂದ ಕ್ವಾಸ್ಟ್, ಕುರ್ಚಿಗೆ ಇನ್ನಷ್ಟು ಒರಗಿ.

ಯಾರೂ ಮಿಸುಕಲಿಲ್ಲ. ಐವರೂ ಸೀನಿಯರುಗಳು, ಸೀನಿಲ್ಲದೆ ಏಳುವವರಲ್ಲ. ಮೂಲೆಯಲ್ಲಿ ಕಿವಿ ಕೇಳದ ಗುಮಾಸ್ತ ಟೋಬಿಯಾಸ್ ಲೇಖನಿ ಅದ್ದಿಕೊಂಡು ಐವರನ್ನೇ ನೋಡುತ್ತಿದ್ದ. ಅಡೆಲ್‌ಗುಂಡೆ ಡಬ್ಬಿಯ ಮುಚ್ಚಳ ಟಕ್ಕೆನಿಸಿ, ಕರವಸ್ತ್ರ ಎತ್ತಿದಳು.

"ಹ್ಞ... ಹ್ಞ... ಹ್ರಾಆಆಕ್ಷೀ."

ದೊರೆ ಸತ್ತದ್ದು ಐವರ ತಲೆಗೂ ಗೊತ್ತಿತ್ತು. ಮೊಣಕಾಲುಗಳಿಗೆ ಯಾರೂ ತಿಳಿಸಿರಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. "ನೂರ್ಕಾಲ ಬಾಳಿ, ಪ್ರಭು," ಎಂದು ಸಭೆಗೆ ಸಭೆಯೇ ಎದ್ದು ನಿಂತಿತು.

ಟೋಬಿಯಾಸ್ ಕಣ್ಣಿಗೆ ಕಂಡದ್ದನ್ನು ಬರೆದ: ಐವರೂ ಎದ್ದರು.

"ತಡಿಯಯ್ಯ," ಎಂದು ಕ್ವಾಸ್ಟ್ ಗುಮಾಸ್ತನತ್ತ ಕೈಬೀಸಿದ. "ನಾವು ಎದ್ದದ್ದು ಒಪ್ಪಿ ಅಲ್ಲ. ಸೀನಿಗೆ."

"ಹಾಗಂತಲೇ ಬರೆಸೋಣ," ಎಂದಳು ಅಡೆಲ್‌ಗುಂಡೆ. "'ಸಭಿಕರು ಹೆಂಗಸಿಗೆ ಏಳಲಿಲ್ಲ, ಮೂಗಿಗೆ ಎದ್ದರು.' ವಿಯೆನ್ನಾದ ಚಕ್ರವರ್ತಿಗಳಿಗೆ ಒಂದು ಪ್ರತಿ. ಊಟ ಆದ್ಮೇಲೆ ಓದಿಸಿ ಕೇಳ್ತಾರೆ."

ಪಕ್ಕದ ಹಣ್ಣುಮುದುಕ ಮಂತ್ರಿ ಕ್ವಾಸ್ಟ್‌ನ ತೋಳು ಎಳೆದು ಪಿಸುಗುಟ್ಟಿದ: "ಸಾಯೋ ತನಕ ನಮ್ಮನ್ನ ಮೂಗುಮಂತ್ರಿಗಳು ಅಂತಾರೆ ಕಣಯ್ಯ. ಹೆಂಗೂ ಎದ್ದಾಯ್ತು. ಎದ್ವಿ ಅಂತಲೇ ಇರ್ಲಿ."

ಕ್ವಾಸ್ಟ್ ನಿಟ್ಟುಸಿರುಬಿಟ್ಟು ಗುಮಾಸ್ತ ಬರೆದ ಕಾಗದಕ್ಕೆ ಮೊಹರು ಒತ್ತಿದ. ಮೇಣ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಬಾಗಿಲು ದಡಕ್ಕನೆ ತೆರೆಯಿತು. ಯೋಸ್ಟ್, ಒಂದೇ ಕಾಲಿಗೆ ಕಾಲುಚೀಲ, ಏದುಸಿರು.

"ಅಪ್ಪ ಬಂದ್ರಾ?"

ಇದೊಂದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. "ಇಲ್ಲ ಮರಿ," ಎಂದಳು ತಡವಾಗಿ. "ಸೀನಿದ್ದು ನಾನು."

ಹುಡುಗ ಅವಳನ್ನೂ ಕರವಸ್ತ್ರವನ್ನೂ ನೋಡಿ ತಲೆ ಅಲ್ಲಾಡಿಸಿದ. "ಹಿಂಗಲ್ಲಮ್ಮ. ಅಪ್ಪ ಸೀನಿ ಆದ್ಮೇಲೆ 'ಉಸ್ಸಪ್ಪಾ' ಅಂತಿದ್ರು."

"ಹೌದಲ್ವ. ನಾನು ಮರೆತೇಬಿಟ್ಟಿದ್ದೆ." ಕೂತು, ಅವನನ್ನು ತೊಡೆಗೆ ಎಳೆದುಕೊಂಡಳು. "ಹೇಳ್ಕೊಡು, ನೋಡೋಣ."

"ಉಸ್ಸಪ್ಪಾ," ಎಂದ ಯೋಸ್ಟ್, ಗಂಟಲು ದಪ್ಪಮಾಡಿ.

"ಉಸ್ಸಪ್ಪಾ," ಎಂದಳು.

"ಇನ್ನೂ ಜೋರಾಗಿ."

ಐವರೂ ನಿಂತೇ ಇದ್ದರು. ಕೂತ್ಕೊಳ್ಳಿ ಎನ್ನಬೇಕಾದವಳು ಈಗ ಅವಳೇ. ಅವಳಿಗೆ ಪಾಠ ನಡೆದಿತ್ತು.